ಬಾಟಲಿಯಲ್ಲಿ ಹೋದ ನೀರಿಗೆ ಊರಿನಲ್ಲಿ ಉತ್ತರ ಬೇಕು

ನರಗುಂದ ಸೀಮೆಯಲ್ಲಿ ‘ಟಿಎಂಸಿ’ ಎಂಬ ಪದದ ಅರ್ಥ ತಿಳಿಯದವರು ವಿರಳ. ಶಾಲೆಯ ಮೆಟ್ಟಿಲು ಹತ್ತದ ರೈತನೂ ನವಿಲುತೀರ್ಥದ ಜಲಾಶಯದ ಸಾಮರ್ಥ್ಯ ಸುಮಾರು 37 ಟಿಎಂಸಿ ಅಡಿ ಎಂದು ಹೇಳಬಲ್ಲ. 2018ರ ಆಗಸ್ಟ್‌ನಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ ಹಂಚಿದ 13.42 ಟಿಎಂಸಿ ಅಡಿಯಲ್ಲಿ ಕಳಸಾ ಮತ್ತು ಬಂಡೂರಿ ನಾಲೆಗಳ ಮೂಲಕ ಮಲಪ್ರಭೆಗೆ ಬರಬೇಕಾದದ್ದು 3.9 ಟಿಎಂಸಿ ಅಡಿ ಮಾತ್ರ ಎಂಬ ಲೆಕ್ಕವನ್ನೂ ಒಪ್ಪಿಸಬಲ್ಲ. ಅದೇ ರೈತನನ್ನು ‘ನಿಮ್ಮ ಮನೆಯವರು ಕುಡಿಯುವ ಬೋರಿನ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ, ನೈಟ್ರೇಟ್ ಎಷ್ಟಿದೆ?’ ಎಂದು ಕೇಳಿ ನೋಡಿ, ಉತ್ತರ ದೊರೆಯುವುದಿಲ್ಲ. ಇದನ್ನು ಅವನ ಅಜ್ಞಾನವೆಂದು ಕರೆಯಲಾಗದು. ಉತ್ತರವನ್ನು ಬಲ್ಲವರು ಅವನಿಗೆ ತಿಳಿಸಿಲ್ಲ.

ಈ ಉತ್ತರವನ್ನು ಬಲ್ಲವರು ಅಥವಾ ಬಲ್ಲವರಾಗಿರಬೇಕಾದವರು ನಮ್ಮ ವಿಶ್ವವಿದ್ಯಾಲಯಗಳು. ನೀರಿನ ಪ್ರಮಾಣಕ್ಕಾಗಿ ಈ ಭಾಗದ ಜನ ಬೀದಿಗಿಳಿದಿದ್ದಾರೆ, ಲಾಠಿ ಏಟು ತಿಂದಿದ್ದಾರೆ, ಪ್ರಾಣ ತೆತ್ತಿದ್ದಾರೆ. ನೀರಿನ ಗುಣದ ಬಗೆಗೆ ಅಂಥ ಒಂದು ಘೋಷಣೆಯೂ ಹುಟ್ಟಿಲ್ಲ. ಏಕೆಂದರೆ ಆ ಕುರಿತ ತಿಳಿವಳಿಕೆ ಪ್ರಯೋಗಾಲಯದಿಂದ ಗ್ರಂಥಾಲಯಕ್ಕೆ ಹೋಗಿದೆಯೇ ಹೊರತು ಊರಿಗೆ ಮರಳಿಲ್ಲ. ಮಾದರಿ ಬಾಟಲಿಯಲ್ಲಿ ಹೋದ ನೀರು, ಊರವರು ಓದಬಲ್ಲ ಒಂದು ಪುಟವಾಗಿ ಊರಿಗೆ ಹಿಂದಿರುಗಬೇಕೆಂಬುದು ಈ ಲೇಖನದ ಒಟ್ಟು ಆಶಯ.

ಕೊಣ್ಣೂರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಗದಗ ಜಿಲ್ಲೆ ನರಗುಂದ ತಾಲ್ಲೂಕಿನ ಈ ಊರು ಮಲಪ್ರಭೆಯ ದಡದಲ್ಲಿ, ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿಯ ಮೇಲಿದೆ. ಬೆಳಗಾವಿ ಜಿಲ್ಲೆಯ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಅಣೆಕಟ್ಟೆಗೆ ಸಿಕ್ಕಿ, ರಾಮದುರ್ಗವನ್ನು ದಾಟಿ ಇಲ್ಲಿಗೆ ಬರುತ್ತದೆ. ಮುಂದೆ ಪಟ್ಟದಕಲ್ಲು, ಐಹೊಳೆಗಳನ್ನು ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಜಲಾಶಯದ ಬಾಗಿಲು ಮುಚ್ಚಿದ ತಿಂಗಳುಗಳಲ್ಲಿ ಕೊಣ್ಣೂರಿನ ಹೊಳೆ ಬರಿದಾಗುತ್ತದೆ. ಬಾಗಿಲು ತೆರೆದರೆ ಊರೊಳಗೆ ನುಗ್ಗುತ್ತದೆ. 2019ರ ಆಗಸ್ಟ್‌ನಲ್ಲಿ ಕೊಣ್ಣೂರು, ಲಖಮಾಪುರ, ವಾಸನ ಮೊದಲಾದ ಊರುಗಳು ನೀರಿನಲ್ಲಿ ನಿಂತದ್ದನ್ನು ಪತ್ರಿಕೆ ಓದುವ ಎಲ್ಲರೂ ನೆನಪಿಸಿಕೊಳ್ಳಬಲ್ಲರು. ಹೊಳೆಯ ನೀರು, ಕಾಲುವೆಯ ನೀರು, ಬೋರಿನ ನೀರು, ನಲ್ಲಿಯ ನೀರು - ಒಂದೇ ತಾಲ್ಲೂಕಿನಲ್ಲಿ ನಾಲ್ಕು ಬಗೆಯ ನೀರು. ಪ್ರತಿಯೊಂದರ ಗುಣ ಬೇರೆ, ಕಾಲಕ್ಕೆ ತಕ್ಕಂತೆ ಬದಲಾಗುವ ರೀತಿಯೂ ಬೇರೆ.

ಈ ಪ್ರದೇಶಕ್ಕೆ ಸಂಶೋಧಕರ ಕೊರತೆಯೇನೂ ಇಲ್ಲ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವಿದೆ, 1986ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾಲಯವಿದೆ, ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆಯಿದೆ. ಬೆಳಗಾವಿಯಲ್ಲಿ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಗದಗಿನ ನಾಗಾವಿಯಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಲವಿಜ್ಞಾನಿಗಳಿಗೂ ಮಲಪ್ರಭೆ ಪರಿಚಿತ ನದಿ. ಜಾಗತಿಕ ಹವಾಮಾನ ಮಾದರಿಗಳು ಕೊಡುವ ಸ್ಥೂಲ ಚಿತ್ರವನ್ನು ಒಂದು ನದಿಯ ಜಲಾನಯನದ ಮಟ್ಟಕ್ಕೆ ಇಳಿಸಿ ಮುಂದಿನ ದಶಕಗಳ ಮಳೆಯನ್ನು ಅಂದಾಜು ಮಾಡುವ ವಿಧಾನವನ್ನು ಅವರು ಪರೀಕ್ಷಿಸಿದ್ದು ಮಲಪ್ರಭಾ ಜಲಾಶಯದ ಜಲಾನಯನದಲ್ಲಿಯೇ. 2008ರಲ್ಲಿ ಒಂದು, 2018ರಲ್ಲಿ ಮತ್ತೊಂದು - ಹೀಗೆ ಅಂತರರಾಷ್ಟ್ರೀಯ ನಿಯತಕಾಲಿಕಗಳಲ್ಲಿ ಆ ಅಧ್ಯಯನಗಳು ಪ್ರಕಟವಾಗಿವೆ. ಇವೆಲ್ಲ ಗೌರವಿಸಬೇಕಾದ ಕೆಲಸಗಳೇ.

ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ನಾನು ಹೇಳಿದ ಈ ಎರಡೂ ಅಧ್ಯಯನಗಳು ಅಣೆಕಟ್ಟೆಯ ಮೇಲ್ಭಾಗಕ್ಕೆ ಸಂಬಂಧಿಸಿದವು. ಜಲಾಶಯಕ್ಕೆ ಎಷ್ಟು ನೀರು ಬಂದೀತು ಎಂಬುದು ಅಲ್ಲಿಯ ಪ್ರಶ್ನೆ. ಅದು ಬೇಕಾದ ಪ್ರಶ್ನೆಯೇ ಹೌದು. ಜಲಾಶಯವನ್ನು ನಡೆಸುವವರಿಗೆ, ನ್ಯಾಯಮಂಡಳಿಯ ಮುಂದೆ ವಾದಿಸುವವರಿಗೆ ಅದರ ಉತ್ತರದಿಂದ ಉಪಯೋಗವಿದೆ. ಅಣೆಕಟ್ಟೆಯ ಕೆಳಗೆ ವಾಸಿಸುವವರ ಪ್ರಶ್ನೆ ಅದಕ್ಕಿಂತ ಭಿನ್ನ. ಬಂದ ನೀರು ಹೇಗಿದೆ? ಹೊಲದಲ್ಲಿ ನಿಂತ ನೀರು ಮಣ್ಣನ್ನು ಏನು ಮಾಡುತ್ತಿದೆ? ಪ್ರವಾಹ ಇಳಿದ ಮೇಲೆ ಬಾವಿಯೊಳಗೆ ಉಳಿದದ್ದೇನು? ನದಿಯ ಮೇಲ್ಭಾಗಕ್ಕೆ ಒದಗಿದಂಥ ನಿರಂತರ ವೈಜ್ಞಾನಿಕ ಗಮನ ಈ ಪ್ರಶ್ನೆಗಳಿಗೂ ಒದಗಬೇಕಾಗಿದೆ.

ನದಿಯ ಕೆಳಭಾಗದ ಕಥೆ ಎಷ್ಟು ಜಟಿಲವೆಂಬುದಕ್ಕೆ ಬೆಣ್ಣೆಹಳ್ಳವೇ ಸಾಕ್ಷಿ. 1980ರ ದಶಕದಿಂದ ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ಮಲಪ್ರಭೆಯ ನೀರು ಹೋಗುತ್ತಿದೆ. ಮನೆಗಳಲ್ಲಿ ಬಳಸಿಯಾದ ನೀರು ಹುಬ್ಬಳ್ಳಿಯ ನಾಲಾಗಳಲ್ಲಿ ಹರಿದು ಬೆಣ್ಣೆಹಳ್ಳದ ಕಡೆಗೆ ಸಾಗುತ್ತದೆ. ಬೆಣ್ಣೆಹಳ್ಳ ನವಲಗುಂದ ಸೀಮೆಯನ್ನು ಹಾದು ರೋಣ ತಾಲ್ಲೂಕಿನಲ್ಲಿ ಮತ್ತೆ ಮಲಪ್ರಭೆಯನ್ನೇ ಸೇರುತ್ತದೆ. ಅಂದರೆ ಕೊಣ್ಣೂರಿನ ಮೇಲ್ಗಡೆ ನದಿಯಿಂದ ಎತ್ತಿದ ನೀರಿನ ಒಂದು ಪಾಲು, ಕೊಣ್ಣೂರಿನ ಕೆಳಗಡೆ ಕೊಳಚೆಯ ರೂಪದಲ್ಲಿ ನದಿಗೆ ಹಿಂದಿರುಗುತ್ತದೆ. ಈಚಿನ ವರ್ಷಗಳಲ್ಲಿ ಸಂಸ್ಕರಣಾ ಘಟಕಗಳು ಬಂದಿವೆ, ನಿಜ. ಅವುಗಳಿಂದ ನದಿಗೆ ಎಷ್ಟು ಗುಣವಾಯಿತು ಎಂಬುದನ್ನು ಹೊಳೆಸಾಲಿನ ಗ್ರಾಮ ಪಂಚಾಯಿತಿಯೊಂದು ತಿಳಿಯಬೇಕೆಂದರೆ ಎಲ್ಲಿಗೆ ಹೋಗಬೇಕು?

ಈ ವಿಷಯದಲ್ಲಿ ಒಳ್ಳೆಯ ಸಂಶೋಧನೆ ನಡೆದೇ ಇಲ್ಲವೆಂದಲ್ಲ. ಹುಬ್ಬಳ್ಳಿ-ಧಾರವಾಡದ ಸುತ್ತಲಿನ ರೈತರು ಕೊಳಚೆ ನೀರಿನಲ್ಲಿ ಬೆಳೆ ತೆಗೆಯುವುದನ್ನು ಕುರಿತು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಿ.ಎಸ್. ಹುನ್ಸಾಳ ಅವರು ಬ್ರಿಟನ್ನಿನ ಆಂಡ್ರ್ಯೂ ಬ್ರಾಡ್‌ಫರ್ಡ್ ಮತ್ತು ರಾಬರ್ಟ್ ಬ್ರೂಕ್ ಅವರೊಡನೆ ನಡೆಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ರೈತ ಆ ನೀರಿಗೆ ಏಕೆ ಮೊರೆಹೋಗುತ್ತಾನೆ, ಅದರಿಂದ ಅವನ ಜೀವನೋಪಾಯಕ್ಕೆ ಏನು ದಕ್ಕುತ್ತದೆ, ಆರೋಗ್ಯಕ್ಕೆ ಯಾವ ಅಪಾಯ ಬರುತ್ತದೆ ಎಂಬುದನ್ನು ಅದು ಒಟ್ಟಿಗೇ ನೋಡಿತು. ನೀರಿನ ರಾಸಾಯನಿಕ ಪಟ್ಟಿಯಷ್ಟೇ ಅಲ್ಲದೆ ಅದನ್ನು ಬಳಸುವ ಮನುಷ್ಯನೂ ಅಲ್ಲಿದ್ದ. ಜಗತ್ತಿನ ಬೇರೆ ಬೇರೆ ಕಡೆಯ ವಿದ್ವಾಂಸರು ಆ ಲೇಖನವನ್ನು ಓದಿದರು. ಹುಬ್ಬಳ್ಳಿಯ ಬಿಡನಾಳದಲ್ಲಿ, ಗಬ್ಬೂರಿನಲ್ಲಿ ಅದನ್ನು ಕನ್ನಡದಲ್ಲಿ ಓದಬಯಸುವ ರೈತನ ಮಗಳಿಗೆ ಅಂಥ ಅನುಕೂಲ ಇರಬೇಡವೆ?

ನೀರಿನ ಗುಣದ ತಿಳಿವಳಿಕೆ ಏಕೆ ಅಷ್ಟು ಅಗತ್ಯ ಎಂಬುದಕ್ಕೆ ಈ ನೆಲದ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ನರಗುಂದ, ನವಲಗುಂದ, ರೋಣದ ಬಹುಭಾಗ ಎರೆಭೂಮಿ. ಎರೆಯ ಬಾವಿನೀರು ಸವಳೆಂಬುದು ಇಲ್ಲಿಯ ಜನರಿಗೆ ತಲೆಮಾರುಗಳಿಂದ ಗೊತ್ತು. ಆದ್ದರಿಂದಲೇ ಹಿಂದಿನವರು ಕುಡಿಯುವ ನೀರಿಗೆಂದು ಪ್ರತ್ಯೇಕ ಕೆರೆಗಳನ್ನು ಕಟ್ಟಿಕೊಂಡು, ಅದರಲ್ಲಿ ದನ ಇಳಿಸದಂತೆ, ಬಟ್ಟೆ ಒಗೆಯದಂತೆ ಕಟ್ಟುಪಾಡು ಮಾಡಿದ್ದರು. ಸವಳನ್ನು ನಾಲಿಗೆ ಗುರುತಿಸುತ್ತದೆ. ಫ್ಲೋರೈಡ್ ಹಾಗಲ್ಲ. ಅದಕ್ಕೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರಿಗೆ ಖನಿಜಗಳಿಂದ ಅದು ಸೇರುತ್ತದೆ. ಕ್ಯಾಲ್ಸಿಯಂ ಕಡಿಮೆಯಿರುವ, ಅಂದರೆ ಗಡಸುತನ ಕಡಿಮೆಯಿರುವ ನೀರಿನಲ್ಲಿಯೇ ಅದು ಹೆಚ್ಚು ಕರಗಿ ಉಳಿಯುತ್ತದೆ. ಬೇಳೆ ಬೇಗ ಬೇಯುತ್ತದೆ ಎಂದು ಗೃಹಿಣಿ ಮೆಚ್ಚಿದ ನೀರೇ ಮಗುವಿನ ಹಲ್ಲನ್ನು ಕಂದಿಸಬಹುದು. ಕುದಿಸಿದರೆ ಅದು ಹೋಗುವುದೂ ಇಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ.

ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಪರಿಷ್ಕರಿಸಿದ ಮಾನದಂಡದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ನೈಟ್ರೇಟ್‌ಗೆ ಅಂಥ ರಿಯಾಯಿತಿಯೂ ಇಲ್ಲ. 45 ಮಿಲಿಗ್ರಾಂ ಎಂದರೆ 45. ಹೊಲಕ್ಕೆ ಹಾಕಿದ ಗೊಬ್ಬರ, ಊರಿನ ತಿಪ್ಪೆ, ಶೌಚಗುಂಡಿ - ಇವೆಲ್ಲದರಿಂದ ಇಳಿಯುವ ನೈಟ್ರೇಟನ್ನೂ ನಾಲಿಗೆ ಹಿಡಿಯಲಾರದು. ಎಳೆಗೂಸುಗಳಿಗೆ ಅದು ಅಪಾಯಕಾರಿ. ಇಂಥ ವಿಷಯದಲ್ಲಿ ತಾಲ್ಲೂಕಿನ ಸರಾಸರಿಯಿಂದ ಯಾರಿಗೂ ಪ್ರಯೋಜನವಿಲ್ಲ. ಶಿಲೆ ಬದಲಾದಂತೆ, ಆಳ ಬದಲಾದಂತೆ ಒಂದೇ ಊರಿನ ಎರಡು ಬೋರುಗಳ ನೀರು ಬೇರೆಯಾಗಿರಬಹುದು. ತಾಯಿಗೆ ಬೇಕಾದದ್ದು ತಾನು ಕೊಡ ತುಂಬಿಸಿಕೊಳ್ಳುವ ಬೋರಿನ ಲೆಕ್ಕ.

ತಿಳಿವಳಿಕೆ ಸಕಾಲಕ್ಕೆ ಜನರನ್ನು ಮುಟ್ಟದಿದ್ದರೆ ಏನಾಗುತ್ತದೆ ಎಂಬುದನ್ನು ಈ ಸೀಮೆ ಒಮ್ಮೆ ಕಂಡಿದೆ. 1970ರ ದಶಕದಲ್ಲಿ ಮಲಪ್ರಭೆಯ ಕಾಲುವೆ ಬಂದಾಗ, ನೀರನ್ನು ಹಿಡಿದಿಟ್ಟುಕೊಂಡು ಬಿಡದ ಎರೆಮಣ್ಣಿಗೆ ನೀರುಣಿಸುವುದರ ಜೊತೆಗೆ ನೀರನ್ನು ಬಸಿದು ಹೊರಹಾಕುವ ವ್ಯವಸ್ಥೆಯೂ ಬೇಕೆಂಬ ಮಾತು ಹೊಲದವರೆಗೆ ತಲಪಲಿಲ್ಲ. ಕೆಲವೆಡೆ ನೀರೇ ಬರಲಿಲ್ಲ, ಕೆಲವೆಡೆ ಹೊಲ ಸವಳು-ಜವಳಾಯಿತು. ಅಭಿವೃದ್ಧಿ ಕರ ಮಾತ್ರ ಎಲ್ಲರ ಮನೆಗೂ ಬಂದಿತು. 1980ರ ಜುಲೈ 21ರಂದು ನರಗುಂದ ಮತ್ತು ನವಲಗುಂದಗಳಲ್ಲಿ ಸಿಡಿದ ರೈತ ಬಂಡಾಯ, ಗೋಲಿಬಾರು, ರೈತರ ಸಾವು - ಇವು ರಾಜ್ಯದ ರಾಜಕೀಯದ ದಿಕ್ಕನ್ನೇ ಬದಲಿಸಿದವು. ಆ ಬಂಡಾಯವನ್ನು ನಾವು ಕರದ ವಿರುದ್ಧದ ಹೋರಾಟವೆಂದು ನೆನೆಯುತ್ತೇವೆ. ಅದರ ಬೇರಿನಲ್ಲಿ ಮಣ್ಣು ಮತ್ತು ನೀರಿನ ವಿಜ್ಞಾನದ ವೈಫಲ್ಯವೂ ಇತ್ತು ಎಂಬುದನ್ನು ಮರೆಯುತ್ತೇವೆ.

ಆ ಪಾಠ ಹಳೆಯದಾಗಿಲ್ಲ. 2019ರ ನಂತರದ ವರ್ಷಗಳಲ್ಲಿ ನರಗುಂದ ಪಟ್ಟಣದ ಹಳೆಯ ಓಣಿಗಳಲ್ಲಿ ಮನೆಯೊಳಗಿನ ನೆಲ ಇದ್ದಕ್ಕಿದ್ದಂತೆ ಕುಸಿದ ಸುದ್ದಿಗಳು ಬಂದವು. ಅಂತರ್ಜಲ ಮೇಲೇರಿ, ಹಿಂದಿನವರು ಕಾಳು ತುಂಬಿಡುತ್ತಿದ್ದ ಹಗೇವುಗಳು ನೀರು ಕುಡಿದು ಬೀಳುತ್ತಿವೆ ಎಂಬ ವಿವರಣೆ ಕೇಳಿಬಂತು. ಬರದ ನಾಡೆಂದು ಹೆಸರಾದಲ್ಲಿ ನೆಲದಡಿಯ ನೀರೇ ಮನೆಗೆ ಮುಳುವಾಗುವುದೆಂದರೆ, ನೀರಿನ ಮಟ್ಟವನ್ನು ತಿಂಗಳು ತಿಂಗಳು ಅಳೆದಿಡುವ ಕೆಲಸ ಎಷ್ಟು ಮುಖ್ಯವೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನದೇ ಒಂದು ಅನುಭವವನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ಕೆಲವು ವರ್ಷಗಳ ಹಿಂದೆ ನಮ್ಮ ಮನೆತನದ ಹೊಲದಲ್ಲಿರುವ ಬೋರಿನಿಂದ ಒಬ್ಬ ಸಂಶೋಧನಾ ವಿದ್ಯಾರ್ಥಿ ನೀರು ತುಂಬಿಕೊಂಡು ಹೋದರು. ಶ್ರದ್ಧಾವಂತ ಹುಡುಗ, ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಬಾರಿ ತೊಳೆದು, ಚೀಟಿ ಅಂಟಿಸಿ, ಹೊಲದ ಅಕ್ಷಾಂಶ ರೇಖಾಂಶ ಬರೆದುಕೊಂಡರು. ಫಲಿತಾಂಶ ತಿಳಿಸುವುದಾಗಿ ಹೇಳಿದ್ದರು, ತಿಳಿಸಲಿಲ್ಲ. ಬಹಳ ಕಾಲದ ನಂತರ ಅವರ ಪ್ರಬಂಧ ನನ್ನ ಕೈಗೆ ಬಂದಾಗ ನಮ್ಮ ಬೋರು ಅದರಲ್ಲಿ ಒಂದು ಕ್ರಮಸಂಖ್ಯೆಯಾಗಿತ್ತು. ಕೋಷ್ಟಕದಲ್ಲಿ ಊರಿನ ಹೆಸರಿರಲಿಲ್ಲ; ನಕ್ಷೆಯ ಮೇಲಿನ ಚುಕ್ಕೆಗಳಲ್ಲಿ ನಮ್ಮದು ಯಾವುದೆಂದು ಊಹಿಸಬೇಕಾಯಿತು. ಆ ವಿದ್ಯಾರ್ಥಿಯನ್ನು ನಾನು ದೂರುವುದಿಲ್ಲ. ಪದವಿ ಪಡೆಯಲು ಅವರಿಂದ ಕೇಳಲಾದದ್ದೆಲ್ಲವನ್ನೂ ಅವರು ಮಾಡಿದ್ದರು. ಊರಿಗೆ ಉತ್ತರ ಕೊಡಬೇಕೆಂದು ಮಾತ್ರ ಅವರನ್ನು ಯಾರೂ ಕೇಳಿರಲಿಲ್ಲ.

ಇದು ಒಬ್ಬ ವಿದ್ಯಾರ್ಥಿಯ ಅಥವಾ ಒಂದು ವಿಭಾಗದ ದೋಷವಲ್ಲ, ಪದ್ಧತಿಯ ದೋಷ. ವಿಜ್ಞಾನದ ಪಿಎಚ್.ಡಿ. ಪ್ರಬಂಧ ಇಂಗ್ಲಿಷಿನಲ್ಲಿರುತ್ತದೆ. ‘ಶೋಧಗಂಗಾ’ ಎಂಬ ರಾಷ್ಟ್ರೀಯ ಭಂಡಾರದಲ್ಲಿ ಅದನ್ನು ಯಾರು ಬೇಕಾದರೂ ಓದಬಹುದು. ಆದರೆ ನೂರಾರು ಪುಟಗಳ ನಡುವೆ ತನ್ನ ಊರಿನ ಒಂದು ಸಾಲನ್ನು ಹುಡುಕುವುದು ಪಂಚಾಯಿತಿ ಸದಸ್ಯೆಗೆ ಸಾಧ್ಯವೆ? ಅಧ್ಯಾಪಕರ ಬಡ್ತಿ ಪ್ರಕಟಿತ ಲೇಖನಗಳ ಎಣಿಕೆಯ ಮೇಲೆ ನಿಂತಿದೆ. ಊರಿಗೆ ಹೋಗಿ ಹೇಳಿಬಂದದ್ದಕ್ಕೆ ಅಲ್ಲಿ ಅಂಕವಿಲ್ಲ. ಹೆಚ್ಚಿನ ಪ್ರಬಂಧಗಳು ಮಳೆಗಾಲಕ್ಕೆ ಮೊದಲು ಒಮ್ಮೆ, ನಂತರ ಒಮ್ಮೆ ಮಾದರಿ ತೆಗೆದು ಮುಗಿಯುತ್ತವೆ. ಮುಂದಿನ ವಿದ್ಯಾರ್ಥಿ ಬೇರೆ ಬಾವಿಗಳನ್ನು ಆರಿಸುತ್ತಾನೆ. ಹೀಗಾಗಿ ಹತ್ತು ಪ್ರಬಂಧಗಳಾದರೂ ಒಂದೇ ಬಾವಿಯ ಹತ್ತು ವರ್ಷದ ಚರಿತ್ರೆ ನಮಗೆ ದೊರೆಯುವುದಿಲ್ಲ.

ಸರ್ಕಾರ ಏನೂ ಮಾಡಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. 2013ರ ನಂತರ ರಾಜ್ಯದ ಹಳ್ಳಿಹಳ್ಳಿಗೂ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು. ಗದಗ ಜಿಲ್ಲೆ ಅದರಲ್ಲಿ ಮುಂದಿತ್ತು. ನದಿಯ ನೀರನ್ನು ಮನೆಮನೆಗೆ ಒಯ್ಯುವ ಬಹುಗ್ರಾಮ ಯೋಜನೆಗಳು ಬಂದವು. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ತಲಾ 55 ಲೀಟರ್ ನೀರು ಕೊಡುವ ಗುರಿಯೊಡನೆ, ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯ ತರಬೇತಿ ಕೊಡಬೇಕೆಂದೂ ಹೇಳಿತು. ಇವೆಲ್ಲ ಸ್ವಾಗತಾರ್ಹ. ಆದರೆ ಶುದ್ಧೀಕರಣ ಘಟಕ ಒಂದು ಕಡೆ ಸಿಹಿನೀರು ಕೊಟ್ಟು ಇನ್ನೊಂದು ಕಡೆ ಲವಣ ತುಂಬಿದ ನೀರನ್ನು ಚರಂಡಿಗೆ ಬಿಡುತ್ತದೆ; ಅದು ಮತ್ತೆ ಇಳಿಯುವುದು ಅದೇ ನೆಲಕ್ಕೆ. ಘಟಕ ಕೆಟ್ಟ ದಿನ, ನಲ್ಲಿ ಬಾರದ ವಾರ, ಜನ ಮರಳುವುದು ಬೋರಿಗೇ. ಪರೀಕ್ಷೆಯ ಪೆಟ್ಟಿಗೆ ಹಿಡಿದ ಹೆಣ್ಣುಮಗಳಿಗೆ ಬಣ್ಣ ಬದಲಾದುದು ಕಾಣುತ್ತದೆ. ಅದರ ಅರ್ಥವನ್ನು, ಮುಂದೇನು ಮಾಡಬೇಕೆಂಬುದನ್ನು ಹೇಳುವ ತಜ್ಞ ಅವಳ ಬೆನ್ನಿಗಿರಬೇಕು. ಆ ತಜ್ಞನ ಸ್ಥಾನ ವಿಶ್ವವಿದ್ಯಾಲಯದ್ದು.

ಫಲಿತಾಂಶಗಳನ್ನು ಊರಿನಲ್ಲಿ ಬಹಿರಂಗಪಡಿಸಿದರೆ ಜನ ಗಾಬರಿಯಾಗುತ್ತಾರೆ ಎಂಬ ಆಕ್ಷೇಪವನ್ನು ನಾನು ಕೇಳಿದ್ದೇನೆ. ಒಂದು ಮಾದರಿಯ ಮೇಲೆ ತೀರ್ಪು ಕೊಡಲಾಗದು ಎಂಬ ವಿಜ್ಞಾನಿಗಳ ಎಚ್ಚರವೂ ಸರಿಯಾದುದೇ. ಆದರೆ ಆ ಎಚ್ಚರದ ಮಾತನ್ನೂ ಫಲಿತಾಂಶದ ಜೊತೆಗೇ ಕನ್ನಡದಲ್ಲಿ ಬರೆಯಬಹುದಲ್ಲ! ಟಿಎಂಸಿಯ ಗಣಿತವನ್ನು, ನ್ಯಾಯಮಂಡಳಿಯ ಕಾನೂನನ್ನು ಅರಗಿಸಿಕೊಂಡ ಜನ ಲೀಟರಿಗೆ ಒಂದೂವರೆ ಮಿಲಿಗ್ರಾಂ ಎಂಬುದನ್ನು ತಿಳಿಯಲಾರರೆಂದು ಭಾವಿಸುವುದು ಅವರಿಗೆ ಮಾಡುವ ಅವಮಾನ.

ಮಾಡಬೇಕಾದದ್ದು ಅಸಾಧ್ಯವಾದುದೇನಲ್ಲ. ಮೊದಲನೆಯದಾಗಿ, ಹಳ್ಳಿಯಿಂದ ನೀರು ಅಥವಾ ಮಣ್ಣಿನ ಮಾದರಿ ತೆಗೆದ ಯಾವುದೇ ಪ್ರಬಂಧ ಅಂಗೀಕಾರವಾಗುವ ಮುನ್ನ, ಆ ಗ್ರಾಮ ಪಂಚಾಯಿತಿಗೆ ಬಾವಿವಾರು ಫಲಿತಾಂಶದ ಒಂದು ಪುಟವನ್ನು ಕನ್ನಡದಲ್ಲಿ ತಲಪಿಸಿದ ದಾಖಲೆ ಇರಬೇಕು. ಪಿಎಚ್.ಡಿ.ಗೆ ಮುನ್ನ ಲೇಖನ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ 2022ರ ನಿಯಮಗಳಲ್ಲಿ ಕೈಬಿಟ್ಟಿದೆ. ಇಳಿದ ಆ ಹೊರೆಯ ಜಾಗದಲ್ಲಿ ಈ ಒಂದು ಪುಟದ ಹೊಣೆಯನ್ನು ನಮ್ಮ ವಿಶ್ವವಿದ್ಯಾಲಯಗಳು ತಾವಾಗಿಯೇ ಇಡಬಹುದು.

ಎರಡನೆಯದಾಗಿ, ಗೊತ್ತುಪಡಿಸಿದ ಅದೇ ಬಾವಿ, ಅದೇ ಬೋರು, ಹೊಳೆಯ ಅದೇ ತಾಣದಿಂದ ವರ್ಷವರ್ಷವೂ ಮಾದರಿ ತೆಗೆಯುವ ವ್ಯವಸ್ಥೆ ಬೇಕು. ಇದಕ್ಕೆ ಮಾದರಿ ರಾಜ್ಯದಲ್ಲಿಯೇ ಇದೆ. ಗುಂಡ್ಲುಪೇಟೆಯ ಬೇರಂಬಾಡಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಫ್ರಾನ್ಸಿನ ವಿಜ್ಞಾನಿಗಳ ಜೊತೆಗೂಡಿ ಒಂದು ಸಣ್ಣ ಜಲಾನಯನದ ಮಳೆ, ಮಣ್ಣಿನ ತೇವ, ಬೆಳೆ, ಅಂತರ್ಜಲಗಳನ್ನು ವರ್ಷಗಟ್ಟಲೆ ಬಿಡದೆ ಅಳೆಯುತ್ತ ಬಂದಿದೆ. ತುಂಗಭದ್ರಾ ಅಚ್ಚುಕಟ್ಟಿನ ಸವಳು-ಜವಳಿನ ಮೇಲೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ದಶಕಗಳಿಂದ ದುಡಿದಿದೆ. ಕಾಲುವೆ, ಎರೆಮಣ್ಣು, ಪ್ರವಾಹ ಮೂರೂ ಕೂಡಿದ ಮಲಪ್ರಭೆಯ ಕೆಳದಂಡೆಗೂ ಅಂಥ ಒಂದು ಬಯಲು ಪ್ರಯೋಗಾಲಯ ಸಲ್ಲಬೇಕು. ಕೊಣ್ಣೂರಿಗಿಂತ ತಕ್ಕ ಜಾಗ ಅದಕ್ಕೆ ಸಿಗಲಾರದು. ನವಿಲುತೀರ್ಥದಿಂದ ಕೂಡಲಸಂಗಮದವರೆಗೆ, ಬೆಣ್ಣೆಹಳ್ಳವನ್ನೂ ಒಳಗೊಂಡು, ಪ್ರವಾಹದ ಮುಂಚೆ ಮತ್ತು ನಂತರ ನದಿಯ ಆರೋಗ್ಯವನ್ನು ಅಲ್ಲಿಂದ ದಾಖಲಿಸಬಹುದು.

ಮೂರನೆಯದಾಗಿ, ಬೇರೆ ಬೇರೆ ಸಂಸ್ಥೆಗಳಲ್ಲಿ ಚದುರಿಹೋಗಿರುವ ಹಳೆಯ ಫಲಿತಾಂಶಗಳನ್ನು ಒಂದೆಡೆ ತಂದು, ಊರಿನ ಹೆಸರಿನಡಿ ಹೊಂದಿಸಿಡಬೇಕು. ಗ್ರಾಮಗಳ ಹೆಸರಿನಲ್ಲಿಯೇ ಹುಟ್ಟಿದ ನಾಗಾವಿಯ ವಿಶ್ವವಿದ್ಯಾಲಯಕ್ಕೆ ಇದಕ್ಕಿಂತ ಹೊಂದುವ ಕೆಲಸವಿಲ್ಲ. ಇದಕ್ಕೆ ದೊಡ್ಡ ಕಟ್ಟಡ ಬೇಡ, ವಿದೇಶಿ ಯಂತ್ರ ಬೇಡ. ಇಬ್ಬರು ಗ್ರಂಥಪಾಲಕರು, ನಾಲ್ವರು ವಿದ್ಯಾರ್ಥಿಗಳು ಮತ್ತು ಕುಲಪತಿಗಳ ಮನಸ್ಸು ಸಾಕು.

ಕೊಣ್ಣೂರು ಬರೆದಿಡುವುದರ ಬೆಲೆಯನ್ನು ಬಲ್ಲ ಊರು. ರಾಷ್ಟ್ರಕೂಟ ಅಮೋಘವರ್ಷನ ಕಾಲದ, ಕ್ರಿ.ಶ. 860ರ ತೇದಿಯುಳ್ಳ ದಾನಶಾಸನವೊಂದು ಇಲ್ಲಿದೆ. ಅದರಲ್ಲಿ ಊರಿನ ಹೆಸರು ಕೊಳನೂರು. ತಾಮ್ರಪಟದಲ್ಲಿದ್ದ ಆ ದಾನದ ವಿವರವನ್ನು ನಂತರದ ಕಾಲದಲ್ಲಿ ಊರಿನ ಪ್ರಮುಖರ ಕೋರಿಕೆಯಂತೆ ಕಲ್ಲಿಗೆ ಇಳಿಸಲಾಯಿತೆಂದು ಶಾಸನವೇ ಹೇಳುತ್ತದೆ. ಪೆಟ್ಟಿಗೆಯೊಳಗಿನ ಪಟ ಒಬ್ಬರ ಸೊತ್ತು, ಗುಡಿಯ ಮುಂದಿನ ಕಲ್ಲು ಊರಿನ ಸೊತ್ತು ಎಂಬ ಅರಿವು ಅವರಿಗಿದ್ದಿರಬೇಕು. ಇಂದಿನ ವಿಶ್ವವಿದ್ಯಾಲಯಗಳು ಕಲ್ಲು ಕೆತ್ತಿಸಬೇಕಾಗಿಲ್ಲ. ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ, ಯಾವ ಬೋರಿನ ನೀರನ್ನು ಮಕ್ಕಳಿಗೆ ಕುಡಿಸಬಹುದು, ಯಾವುದನ್ನು ದನಕ್ಕೆ ಮಾತ್ರ ಬಳಸಬೇಕು ಎಂದು ತಿಳಿಸುವ ನಾಲ್ಕು ಸಾಲನ್ನು ಪ್ರತಿ ಬೇಸಿಗೆಯಲ್ಲೂ ಹೊಸದಾಗಿ ಬರೆಸಿದರೆ ಸಾಕು.